ಅಮರಮ್ಮನ ಶ್ರುತಿಗೊಂದು ರೆಸಿಸ್ಟರು

ರಾಯಚೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ, ಎಲೆಕ್ಟ್ರಾನಿಕ್ಸ್ ಲ್ಯಾಬಿನ ಬೀಗದ ಕೈ ಇರುವುದು ಮೌನೇಶ್ವರಿಯ ಸೊಂಟದಲ್ಲಿ. ಆಕೆ ಅಲ್ಲಿ ಅಟೆಂಡರ್. ಹೆಸರಿಟ್ಟವರು ಯಾವ ಧೈರ್ಯದ ಮೇಲೆ ಆ ಹೆಸರಿಟ್ಟರೋ ತಿಳಿಯದು. ಬೆಳಿಗ್ಗೆ ಬೀಗ ತೆಗೆಯುವಾಗ ಶುರುವಾದ ಮಾತು ಸಂಜೆ ಬೀಗ ಹಾಕುವವರೆಗೆ ನಿಲ್ಲುವುದಿಲ್ಲ. ಹುಡುಗರು ಸಿಗದಿದ್ದರೆ ಮೀಟರಿನ ಜೊತೆ ಮಾತಾಡುತ್ತಾಳೆ, ಮೀಟರು ಕೆಟ್ಟಿದ್ದರೆ ಅದನ್ನು ಬೈಯುತ್ತಾಳೆ. ಹುದ್ದೆ ಅಟೆಂಡರದ್ದಾದರೂ ಹುಡುಗರೆಲ್ಲ ಮೇಡಂ ಅನ್ನುತ್ತಾರೆ. ಅದಕ್ಕೆ ಕಾರಣ ರೆಸಿಸ್ಟರು.

ರೆಸಿಸ್ಟರು ಅಂದರೆ ಏನು ಮಹಾ, ಅಕ್ಕಿಕಾಳಿಗಿಂತ ತುಸು ದಪ್ಪದ ತುಣುಕು, ಎರಡೂ ಕಡೆ ತಂತಿ. ಕರೆಂಟಿನ ದಾರಿಗೆ ಅಡ್ಡ ಕೂತು, ಇಷ್ಟೇ ಹೋಗು ಎಂದು ತಡೆಯುವುದು ಅದರ ಕೆಲಸ. ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಓಮ್ ಎಂಬ ಲೆಕ್ಕ. ಆದರೆ ಸಾವಿರ ಓಮ್ ಎಂದು ಬಣ್ಣ ಬಳಿದುಕೊಂಡು ಬಂದ ರೆಸಿಸ್ಟರು ನಿಜಕ್ಕೂ ಸಾವಿರ ಇರುವುದಿಲ್ಲ. ಒಂದು ಒಂಬೈನೂರ ಅರವತ್ತು ಇರುತ್ತದೆ, ಪಕ್ಕದ್ದು ಸಾವಿರದ ಮೂವತ್ತು. ಐದು ಪರ್ಸೆಂಟು ಆಚೀಚೆ ಎಂದು ಕಂಪನಿಯವರೇ ಒಂದು ಬಂಗಾರದ ಗೆರೆ ಎಳೆದು ಕೈ ತೊಳೆದುಕೊಂಡಿರುತ್ತಾರೆ. ಇದು ಗೊತ್ತಾದ ದಿನ ಮೌನೇಶ್ವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಬೇಸಿಗೆ ರಜೆಯಲ್ಲಿ ಮನೆಯಿಂದ ಮೊರ ತಂದು, ಇಡೀ ಲ್ಯಾಬಿನ ರೆಸಿಸ್ಟರುಗಳನ್ನು ಅದರಲ್ಲಿ ಸುರುವಿ, ತೊಗರಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದನ್ನೂ ಅಳೆದು, ನಿಜವಾದ ಲೆಕ್ಕ ಬರೆದ ಪೊಟ್ಟಣಗಳಲ್ಲಿ ಕಟ್ಟಿಟ್ಟಳು. ಆ ರಜೆಯಲ್ಲಿ ಮನೆಯಲ್ಲಿ ಜೋಳ ಹಸನು ಮಾಡಲು ಮೊರ ಇರಲಿಲ್ಲ.

ಅಲ್ಲಿಂದ ಮುಂದೆ ಯಾರಿಗೆ ಅಂಗಡಿಯಲ್ಲಿ ಸಿಗದ ಲೆಕ್ಕ ಬೇಕಾದರೂ ಮೌನೇಶ್ವರಿಯ ಹತ್ತಿರ ಬರುವುದು ರೂಢಿಯಾಯಿತು. ಪೊಟ್ಟಣದಲ್ಲಿ ಇದ್ದರೆ ಕೊಡುತ್ತಾಳೆ. ಇಲ್ಲದಿದ್ದರೆ ಎರಡನ್ನು ಬೆಸೆದು ಕೂಡಿಸುತ್ತಾಳೆ. ಅದಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯ: ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ಇರುವ ಒಂದನ್ನು ಹಿಡಿದು, ಉಗುರು ಉಜ್ಜುವ ಅರದಿಂದ ಹೊಟ್ಟೆಯ ಮೇಲೆ ಮೆಲ್ಲಗೆ ಉಜ್ಜುವುದು. ಒಳಗಿನ ಕರಿಯ ಪದರು ಸವೆದಷ್ಟೂ ಓಮ್ ಏರುತ್ತದೆ. ಏರಿದ್ದು ಮತ್ತೆ ಇಳಿಯುವುದಿಲ್ಲ, ಹಾಗಾಗಿ ಒಂದು ಉಜ್ಜು ಹೆಚ್ಚಾದರೂ ಅದು ಕಸಕ್ಕೆ. ಸರಿಯಾದ ಲೆಕ್ಕ ಬಂದ ಕೂಡಲೇ ಗಾಯದ ಮೇಲೆ ಕೆಂಪು ಉಗುರುಬಣ್ಣ ಹಚ್ಚಿ ಮುಚ್ಚುತ್ತಾಳೆ. ಚಂದ್ರಬಂಡದವನೊಬ್ಬ ಕೋಳಿಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಮಾಡಿಕೊಂಡಾಗ ಅದರೊಳಗಿದ್ದದ್ದೂ ಇಂಥದೇ ಕೆಂಪು ಟೊಪ್ಪಿಗೆಯ ರೆಸಿಸ್ಟರು. ಮರಿಗಳು ಒಡೆದು ಬಂದಾಗ ಅವನು ಮೊದಲು ಫೋನು ಮಾಡಿದ್ದು ಮೌನೇಶ್ವರಿಗೆ. ತಿಂಗಳಿಗೊಂದು ಸೀಸೆ ಉಗುರುಬಣ್ಣ ಖಾಲಿಯಾದರೂ ಹೆಂಡತಿಯ ಉಗುರು ಮಾತ್ರ ಬರಿದಾಗಿರುವುದು ಗಂಡ ಶೇಖರನಿಗೆ ಬಹಳ ದಿನ ಒಗಟಾಗಿತ್ತು.

ಇಷ್ಟು ಜಾಣೆಗೆ ಒಂದು ವರ್ಷದಿಂದ ಬಗೆಹರಿಯದ ಸಂಕಟ ಒಂದೇ. ದೇವದುರ್ಗದಲ್ಲಿರುವ ಅವಳ ತಾಯಿ ಅಮರಮ್ಮ ಹಾಡು ಬಿಟ್ಟಿದ್ದಳು.

ಅಮರಮ್ಮ ಮೂವತ್ತು ವರ್ಷ ಹಾಡಿದವಳು. ಹಗಲು ಕೂಲಿ, ಸಂಜೆ ಹಾಡು. ಬುದ್ಧನ ಮೇಲೆ, ಬಾಬಾಸಾಹೇಬರ ಮೇಲೆ ತಾನೇ ಪದ ಕಟ್ಟಿ ಹಾಡುತ್ತಿದ್ದಳು. ಮಗಳು ಮೊದಲ ದಿನ ಪಾಟಿ, ಅಂದರೆ ಸ್ಲೇಟು, ಹಿಡಿದು ಶಾಲೆಗೆ ಹೋದಾಗ ಕಟ್ಟಿದ ಪಾಟಿ ಪದ ಅಂದರೆ ಮಾನ್ವಿ ಕಡೆಯ ಹೆಂಗಸರಿಗೆ ಈಗಲೂ ಕಣ್ಣಲ್ಲಿ ನೀರು. ಜೊತೆಗೆ ಹಾರ್ಮೋನಿಯಂ ನುಡಿಸುವವನು ಹನುಮಂತ್ರಾಯ. ಅವನದು ಎಲ್ಲಿಯದೋ ಹಳೆಯ ಹಾರ್ಮೋನಿಯಂ, ಅದರ ಶ್ರುತಿ ಜಗತ್ತಿನ ಯಾವ ಹಾರ್ಮೋನಿಯಂಗೂ ಕೂಡುತ್ತಿರಲಿಲ್ಲ. ಅಮರಮ್ಮನ ಗಂಟಲು ಮಾತ್ರ ಅದರ ಮೇಲೇ ಬೆಳೆದು ಗಟ್ಟಿಯಾಗಿತ್ತು. ಹೋದ ವರ್ಷ ನೀರಮಾನ್ವಿಯ ತಿರುವಿನಲ್ಲಿ ಆ ಹಾರ್ಮೋನಿಯಂ ಟೆಂಪೋದ ಮೇಲಿನಿಂದ ಹಾರಿಬಿದ್ದು ನುಚ್ಚುನೂರಾಯಿತು. ಹನುಮಂತ್ರಾಯ ಹೊಸದು ತಂದ. ಹೊಸದರ ಶ್ರುತಿ ಶುದ್ಧ, ಅದೇ ತೊಂದರೆ. ಅಮರಮ್ಮನ ದನಿ ಹಾರ್ಮೋನಿಯಂನ ಕರಿ ನಾಲ್ಕನೆಯ ಮನೆಗಿಂತ ಸ್ವಲ್ಪ ಮೇಲೆ, ಅದರ ಪಕ್ಕದ ಬಿಳಿ ಆರಕ್ಕಿಂತ ಸ್ವಲ್ಪ ಕೆಳಗೆ, ಎರಡರ ನಡುವಿನ ಸಂದಿಯಲ್ಲಿ ನಿಲ್ಲುತ್ತಿತ್ತು. ಹೊಸದರ ಜೊತೆ ಮಾನ್ವಿಯಲ್ಲಿ ನಡೆದ ಮೊದಲ ಕಾರ್ಯಕ್ರಮದಲ್ಲೇ ಹನುಮಂತ್ರಾಯ ತಡೆಯಲಾರದೆ ಮೈಕಿಗೆ ಬಾಯಿಟ್ಟು, ಶ್ರುತಿಗೆ ಬಾ ಅಮರಮ್ಮ, ಅಂದುಬಿಟ್ಟ. ಎರಡು ಸಾವಿರ ಜನ ಕೇಳಿದರು. ಅಮರಮ್ಮ ಸೆರಗು ಸರಿಮಾಡಿಕೊಂಡು ವೇದಿಕೆ ಇಳಿದವಳು ಆಮೇಲೆ ರೊಟ್ಟಿ ಬಡಿಯುವಾಗಲೂ ಗುನುಗಲಿಲ್ಲ.

ಈ ವರ್ಷ ಏಪ್ರಿಲ್ ಹದಿನಾಲ್ಕರ ಬಾಬಾಸಾಹೇಬರ ಜಯಂತಿಗೆ ಮಾನ್ವಿಯವರು ಮತ್ತೆ ಕರೆದರು. ಬರುವುದಿಲ್ಲ ಎಂದಳು ಅಮರಮ್ಮ. ಮಗಳು ದೇವದುರ್ಗಕ್ಕೆ ಓಡಿಬಂದು, ಫೋನಿನಲ್ಲೇ ಶ್ರುತಿ ಬರುವ ಆ್ಯಪ್ ಇದೆ ಎಂದು ಹಾಕಿ ತೋರಿಸಿದಳು. ಅಮರಮ್ಮ ಮನಸ್ಸು ಗಟ್ಟಿಮಾಡಿ ಬಾಯಿ ತೆರೆದಳು, ಸರಿಯಾಗಿ ಅದೇ ಗಳಿಗೆಗೆ ಯಾರೋ ಇನ್ಶೂರೆನ್ಸಿನವರು ಫೋನು ಮಾಡಿದರು. ಅಲ್ಲಿಗೆ ಆ್ಯಪಿನ ಕಥೆ ಮುಗಿಯಿತು.

ಆಗ ಮೌನೇಶ್ವರಿಯ ತಲೆಗೆ ಹುಳ ಹೊಕ್ಕಿತು. ತಾಯಿ ಒಬ್ಬಳದೇ ಶ್ರುತಿಯನ್ನು ಹೊರಡಿಸುವ ಡಬ್ಬಿಯನ್ನು ತಾನೇ ಯಾಕೆ ಮಾಡಬಾರದು. ಒಂದು ಎಲೆಕ್ಟ್ರಾನಿಕ್ ಚಿಪ್, ಒಂದು ಸ್ಪೀಕರು, ಒಂದು ಬ್ಯಾಟರಿ, ನೀಲಿ ಪ್ಲಾಸ್ಟಿಕ್ಕಿನ ಊಟದ ಡಬ್ಬಿ. ದನಿ ಎಷ್ಟು ಎತ್ತರ ಅನ್ನುವುದನ್ನು ತೀರ್ಮಾನಿಸುವುದು ಒಂದೇ ಒಂದು ರೆಸಿಸ್ಟರು: ಓಮ್ ಕಡಿಮೆಯಾದರೆ ದನಿ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಹದಿನಾರು ವರ್ಷ ಊರವರ ಕೋಳಿಮರಿಗೆ ಮಾಡಿದ್ದನ್ನು ಈಗ ಹೆತ್ತವಳ ಗಂಟಲಿಗೆ ಮಾಡಬೇಕಿತ್ತು, ಅಷ್ಟೇ.

ಮೊದಲು ಲೆಕ್ಕ ಹಿಡಿಯಬೇಕಲ್ಲ. ತಿರುವಿದಂತೆ ಓಮ್ ಬದಲಾಗುವ ಒಂದು ಗುಂಡಿಯನ್ನು ಲ್ಯಾಬಿನಿಂದ ತಂದು ಡಬ್ಬಿಗೆ ಸಿಕ್ಕಿಸಿದಳು. ಅಮರಮ್ಮ ಗೋಡೆಗೆ ಒರಗಿ, ಕಣ್ಣುಮುಚ್ಚಿ, ಬಾಯಿ ಬಿಡದೆ ಕೇವಲ ಮೂಗಿನಲ್ಲಿ ಶ್ರುತಿ ಹಿಡಿದಳು. ಮಗಳು ತಿರುವುತ್ತ ಹೋದಳು. ಮ್ಯಾಲ, ಅಂದಳು ತಾಯಿ. ಇನ್ನೊಂಚೂರು. ಹೆಚ್ಚಾತು, ಇಳಸು. ಜೇನುಹುಳದಂತೆ ಗುಂಯ್ ಎನ್ನುತ್ತಿದ್ದ ಡಬ್ಬಿ ಒಂದು ಕಡೆ ಬಂದಾಗ ಅಮರಮ್ಮನ ಹುಬ್ಬು ಸಡಿಲಾಯಿತು.

"ಇಲ್ಲೇ ಅದ ನೋಡು ನನ್ನ ದನಿ," ಅಂದಳು. ಒಂದು ವರ್ಷದಿಂದ ಕಳೆದುಹೋಗಿದ್ದದ್ದು ಸಿಕ್ಕ ಹಾಗಿತ್ತು ಅವಳ ಮುಖ.

ಗುಂಡಿ ಅಲುಗದಂತೆ ಅದರ ಬುಡಕ್ಕೆ ಉಗುರುಬಣ್ಣ ಸುರಿದು, ಹಸಿಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಮೌನೇಶ್ವರಿ ರಾಯಚೂರಿನ ಬಸ್ಸು ಹತ್ತಿದಳು. ಮರುದಿನ ಲ್ಯಾಬಿನ ದೊಡ್ಡ ಮೀಟರಿಗೆ ಹಚ್ಚಿ ನೋಡಿದರೆ ಎರಡು ಲಕ್ಷ ಎಪ್ಪತ್ತಮೂರು ಸಾವಿರದ ನಾನೂರು ಓಮ್. ಗುಂಡಿ ಲ್ಯಾಬಿನ ಸೊತ್ತು, ಬಣ್ಣ ಕೆರೆದು ಅದರ ಡ್ರಾಯರಿಗೆ ವಾಪಸು ಹಾಕಿದಳು. ಹೊಸ ಗುಂಡಿ ಕೊಂಡರಾಯಿತು ಅನ್ನಬಹುದು, ಆದರೆ ತಿರುವುವ ಗುಂಡಿ ಕಂಡರೆ ಸಾಕು, ತಿರುವದೆ ಕೈ ಬಿಡುವ ಮನುಷ್ಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅಮರಮ್ಮನೂ ಹೇಳಿಬಿಟ್ಟಿದ್ದಳು, ಕಂಡಕಂಡವರು ಕಿವಿ ಹಿಂಡುವಂಥ ಡಬ್ಬಿ ತನಗೆ ಬೇಡ ಎಂದು.

ರಾಯಚೂರಿನ ತೀನ್ ಕಂದೀಲ್ ವೃತ್ತದ ಬಳಿ ಬಿಡಿಭಾಗದ ಅಂಗಡಿ ಇಟ್ಟ ಮುಕರ್ರಂ ಆ ಲೆಕ್ಕ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡ. ಎರಡು ಎಪ್ಪತ್ತು ಇದೆ, ಅದು ಬಿಟ್ಟರೆ ಮೂರು ಲಕ್ಷ, ನಡುವಿನದ್ದನ್ನು ಯಾರೂ ಇಡುವುದಿಲ್ಲ ಎಂದ. ಕಂಪನಿಗೆ ಬರೆದರೆ ಮಾಡಿಕೊಡುತ್ತಾರಂತೆ, ಕನಿಷ್ಠ ಸಾವಿರ ಕೊಳ್ಳಬೇಕು, ಎಂಟು ವಾರ ಕಾಯಬೇಕು. ಜಯಂತಿಗೆ ಉಳಿದದ್ದು ಒಂಬತ್ತು ದಿನ.

"ಮೇಡಂ, ಇಂಥ ನಾಜೂಕು ನಂಬರ್ ಯಾವ ಮಷಿನಿಗ್ರೀ?" ಎಂದು ಕೇಳಿದ.

"ನಮ್ಮವ್ವಗ," ಅಂದಳು ಮೌನೇಶ್ವರಿ. ಮುಕರ್ರಂ ಏನೂ ಅರ್ಥವಾಗದೆ ಎರಡು ಎಪ್ಪತ್ತರದು ಹತ್ತು ಕಟ್ಟಿಕೊಟ್ಟ.

ಎರಡನ್ನು ಬೆಸೆದು ಕೂಡಿಸಿದರೆ ದಾರಿಯ ಕುಲುಕಾಟಕ್ಕೆ ನಡುವಿನ ಬೆಸುಗೆ ಬಿಟ್ಟೀತು ಎಂದು ಒಂದನ್ನೇ ಉಜ್ಜುವುದೆಂದುಕೊಂಡಳು. ಭಾನುವಾರ ದೇವದುರ್ಗದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಶುರುಮಾಡಿದಳು. ಹೊರಗೆ ಬಿಸಿಲು ಹಂಚು ಕಾಯಿಸುವಂತಿತ್ತು. ಅವಸರದಲ್ಲಿ ಮೀಟರು ತಂದಿದ್ದಳು, ಅದರ ಕಚ್ಚುವ ಕ್ಲಿಪ್ಪುಗಳನ್ನು ಲ್ಯಾಬಿನಲ್ಲೇ ಬಿಟ್ಟಿದ್ದಳು. ಹೋಗಲಿ ಬಿಡು ಎಂದು ರೆಸಿಸ್ಟರಿನ ತಂತಿಗಳನ್ನು ಮೀಟರಿನ ಕಡ್ಡಿಗಳ ಜೊತೆಗೆ ಎರಡೂ ಕೈಯ ಬೆರಳಲ್ಲಿ ಚಿವುಟಿ ಹಿಡಿದಳು. ಉಜ್ಜುವುದು, ಚಿವುಟಿ ನೋಡುವುದು, ಮತ್ತೆ ಉಜ್ಜುವುದು. ಮೂರು ಹಾಳಾದವು. ನಾಲ್ಕನೆಯದು ಸರಿಯಾಗಿ ಎರಡು ಲಕ್ಷ ಎಪ್ಪತ್ತಮೂರು ಸಾವಿರದ ನಾನೂರಕ್ಕೆ ಬಂದು ನಿಂತಾಗ ಮೌನೇಶ್ವರಿ ಉಸಿರು ಬಿಗಿಹಿಡಿದು ಬಣ್ಣ ಹಚ್ಚಿ, ಬೆಸೆದು, ಡಬ್ಬಿ ಹಚ್ಚಿದಳು.

ಅಮರಮ್ಮ ಅರ್ಧ ಗಳಿಗೆ ಕೇಳಿದಳು. ಇದು ಇಳಿದಿದೆ, ಅದೂ ಸ್ವಲ್ಪ ಅಲ್ಲ, ಎರಡು ಮನೆಯ ಹತ್ತಿರ ಹತ್ತಿರ ಇಳಿದಿದೆ ಎಂದಳು. ಸಂಗೀತದ ವಿಷಯದಲ್ಲಿ ಕಲ್ಲಿನ ಕಿವಿಯ ಮಗಳು ಒಪ್ಪಲಿಲ್ಲ. ಮೀಟರು ಸುಳ್ಳು ಹೇಳುವುದಿಲ್ಲ, ತಪ್ಪಿದ್ದು ಅವ್ವನ ಗಂಟಲೇ ಇರಬೇಕು ಅಂದುಬಿಟ್ಟಳು. ಮಾತು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೈಕಿನಲ್ಲಿ ಹನುಮಂತ್ರಾಯ ಅಂದದ್ದನ್ನೇ ತಾನೂ ಅಂದಿದ್ದಳು.

ಅಮರಮ್ಮ ಎದ್ದು ಒಳಗೆ ಹೋಗಿ ಹಿಟ್ಟು ನಾದತೊಡಗಿದಳು. ಮೌನೇಶ್ವರಿಯ ಬಾಯಿ ಆ ದಿನ ಪೂರ್ತಿ ಹತ್ತು ನಿಮಿಷ ಮುಚ್ಚಿತ್ತು, ಓಣಿಯಲ್ಲಿ ಅದು ದಾಖಲೆ. ರೆಸಿಸ್ಟರನ್ನು ಕಿತ್ತು ಹಿಡಿದು ಏನು ಮಾಡಲೂ ತೋಚದೆ ಕೂತಳು. ಹಗ್ಗದ ಮೇಲೆ ಒಣಹಾಕಿದ ಸೀರೆಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚಿಮಟಗಳು ಕಂಡವು. ಎರಡನ್ನು ತಂದು, ಕೈ ತಾಗಿಸದೆ, ತಂತಿಯನ್ನೂ ಕಡ್ಡಿಯನ್ನೂ ಒಟ್ಟಿಗೆ ಕಚ್ಚಿಸಿದಳು. ಮೀಟರು ಮೂರು ಲಕ್ಷದ ಒಂದು ಸಾವಿರ ತೋರಿಸಿತು. ಬೆರಳು ಒತ್ತಿದಳು, ಇಳಿಯಿತು. ಬಿಟ್ಟಳು, ಏರಿತು. ಒತ್ತಿದಳು, ಬಿಟ್ಟಳು, ಒತ್ತಿದಳು.

ಇಷ್ಟು ಹೊತ್ತೂ ಮೀಟರು ರೆಸಿಸ್ಟರೊಂದನ್ನೇ ಅಲ್ಲ, ಬೆವೆತ ಮೌನೇಶ್ವರಿಯನ್ನೂ ಸೇರಿಸಿ ಅಳೆದಿತ್ತು. ಒಂದು ಬೆರಳಿನಿಂದ ಇನ್ನೊಂದು ಬೆರಳಿಗೆ ಅವಳ ಮೈಯಲ್ಲೇ ಹಾದು ಕರೆಂಟು ಕಳ್ಳದಾರಿ ಹಿಡಿದಿತ್ತು, ಅದಕ್ಕೇ ಓಮ್ ಕಡಿಮೆ ಕಂಡಿತ್ತು. ಹುಡುಗರು ಕೇಳುತ್ತಿದ್ದದ್ದೆಲ್ಲ ನೂರು, ಸಾವಿರದ ಲೆಕ್ಕ, ಅಲ್ಲಿ ಬೆರಳು ತಾಗಿದರೂ ಏನೂ ಆಗುತ್ತಿರಲಿಲ್ಲ. ಲಕ್ಷದ ಲೆಕ್ಕವನ್ನು ಕ್ಲಿಪ್ಪಿಲ್ಲದೆ ಬೆರಳಲ್ಲಿ ಹಿಡಿದು ಅಳೆದದ್ದು ಇದೇ ಮೊದಲು. ಹದಿನಾರು ವರ್ಷ ಹುಡುಗರಿಗೆ ಕೈ ತಾಗಿಸಬ್ಯಾಡ್ರಿ ಎಂದು ಗದರಿದವಳು ತಾನೇ ಕೈ ತಾಗಿಸಿ ಕೂತಿದ್ದಳು. ಅವಳಿಗೆ ನಗು ಬಂತು. ಎಷ್ಟು ಬಂತೆಂದರೆ ಹಿಟ್ಟಿನ ಕೈಯಲ್ಲೇ ಅಮರಮ್ಮ ಓಡಿಬಂದಳು.

"ತಪ್ಪು ನಿಂದಲ್ಲಬೇ," ಅಂದಳು ಮಗಳು ಕಣ್ಣೊರೆಸಿಕೊಳ್ಳುತ್ತ. "ನಡುವ ನಾ ಬಂದಿದ್ದೆ."

ಚಿಮಟ ಕಚ್ಚಿಸಿ, ಉಸಿರೂ ತಾಗದಂತೆ ಮತ್ತೊಂದನ್ನು ಉಜ್ಜಿದಳು. ಏಳನೆಯದು ಹದಕ್ಕೆ ಬಂತು. ಕೆಂಪು ಟೊಪ್ಪಿಗೆ ಹಾಕಿ ಬೆಸೆದು ಡಬ್ಬಿ ಹಚ್ಚಿದಳು. ಅಮರಮ್ಮ ರೊಟ್ಟಿ ಬಡಿಯುತ್ತ ಬಡಿಯುತ್ತ ಗುನುಗಿದಳು. ಮೌನೇಶ್ವರಿ ಗೋಡೆಯ ಕಡೆ ತಿರುಗಿ ಕೂತು ಸ್ವಲ್ಪ ಅತ್ತಳು, ಮತ್ತೆ ಸ್ವಲ್ಪ ನಕ್ಕಳು.

ಹದಿನಾಲ್ಕನೆಯ ತಾರೀಖು ಸಿರವಾರದ ಮೇಲೆ ಹಾದು ತಾಯಿ ಮಗಳು ಮಾನ್ವಿ ಸೇರಿದರು. ನೀಲಿ ಡಬ್ಬಿ ನೋಡಿದ ಸಂಘಟಕರು, ಊಟದ ವ್ಯವಸ್ಥೆ ನಮ್ಮಲ್ಲೇ ಇದೆ, ನೀವ್ಯಾಕೆ ಕಟ್ಟಿಕೊಂಡು ಬಂದಿರಿ ಎಂದು ಬೇಜಾರು ಮಾಡಿಕೊಂಡರು. ಹನುಮಂತ್ರಾಯನೂ ಬಂದಿದ್ದ. ಹಾರ್ಮೋನಿಯಂ ತಂದರೆ ಅಮರಮ್ಮ ವೇದಿಕೆ ಹತ್ತುವುದಿಲ್ಲ ಎಂದು ಮೊದಲೇ ತಿಳಿಸಿದ್ದರಿಂದ ಪಾಪ, ಬರೀ ತಾಳ ಹಿಡಿದು ಬಂದಿದ್ದ. ಮೂವತ್ತು ವರ್ಷ ಹಾರ್ಮೋನಿಯಂನ ಮುಂದೆ ಕೂತವನಿಗೆ ಕೈ ಎಲ್ಲಿಡಬೇಕು ಎಂದೇ ತಿಳಿಯುತ್ತಿರಲಿಲ್ಲ.

ಸಂಜೆ ಮೈದಾನ ತುಂಬಿತ್ತು. ಡಬ್ಬಿಯನ್ನು ಒಂದು ಮೈಕಿನ ಮುಂದಿಟ್ಟುಕೊಂಡು ಮೌನೇಶ್ವರಿ ತಾಯಿಯ ಬೆನ್ನ ಹಿಂದೆ ಕೂತಳು. ಗುಂಯ್ ಎಂದು ಶ್ರುತಿ ಹರಡಿತು. ಅಮರಮ್ಮ ಪಾಟಿ ಪದ ಎತ್ತಿಕೊಂಡಳು. ಮೊದಲ ನುಡಿ ಡಬ್ಬಿಯ ಮೇಲೆ ಹೂವಿನಂತೆ ಕೂತಿತು. ಎರಡನೆಯದೂ ಹಾಗೆಯೇ. ಜೋಳದ ಕೂಳೆ ಕೀಳುತ್ತ ಹೊಲದ ಬದುವಿನಲ್ಲಿ ನಿಂತ ತಾಯಿ, ಪಾಟಿ ಹಿಡಿದು ದೂರ ಹೋಗುತ್ತಿರುವ ಮಗಳ ಬೆನ್ನು ನೋಡುವ ಮೂರನೆಯ ನುಡಿ ಬಂತು. ಜನ ಚಪ್ಪಾಳೆ ಶುರುಮಾಡಿದರು. ಒಂದು ವರ್ಷ ಕಟ್ಟಿಟ್ಟ ಗಂಟಲಲ್ಲಿ ಸಂತೋಷ ತಡೆದು ನಿಲ್ಲಲಿಲ್ಲ, ಅಮರಮ್ಮನ ದನಿ ಮೆಲ್ಲಗೆ ಮೇಲೆ ಏರತೊಡಗಿತು.

ಹನುಮಂತ್ರಾಯ ತಾಳ ತಟ್ಟುತ್ತಲೇ ಮೌನೇಶ್ವರಿಯ ಕಿವಿಗೆ ಬಗ್ಗಿದ.

"ಏರಾಕತ್ತಾಳ. ಈ ನುಡಿಯಾಗ ದಿನಾ ಏರ್ತಾಳ. ನಾ ಇಲ್ಲಿಗಿ ಬಂದ್ರ ಹಾರ್ಮೋನಿಯಂ ಪೇಟಿ ನಿಲ್ಲಿಸಿ ಸುಮ್ಮ ಕೂಡ್ತಿದ್ದೆ, ಮೂವತ್ತು ವರ್ಷ ಯಾರಿಗೂ ಗೊತ್ತಾಗಿಲ್ಲ."

ಮೌನೇಶ್ವರಿಯ ಕೈ ಡಬ್ಬಿಯ ಸ್ವಿಚ್ಚಿನ ಮೇಲೆ ಹೋಯಿತು, ಹೋಗಿ ನಿಂತಿತು. ಹೋದ ವರ್ಷದ ಗಾಯ ಇನ್ನೂ ಹಸಿ, ಬೆನ್ನ ಹಿಂದಿನ ಶ್ರುತಿ ಈಗ ಸುಮ್ಮನಾದರೆ ತಾನೇ ತಪ್ಪಿದೆನೆಂದು ಅವ್ವ ತಿಳಿಯುತ್ತಾಳೆ. ಇನ್ನೊಮ್ಮೆ ವೇದಿಕೆ ಇಳಿದರೆ ಮತ್ತೆ ಹತ್ತುವವಳಲ್ಲ. ಎರಡು ಲಕ್ಷ ಎಪ್ಪತ್ತಮೂರು ಸಾವಿರದ ನಾನೂರು ಒಂದು ಓಮ್ ಆಚೀಚೆ ಆಗದೆ ಗುಂಯ್ ಎನ್ನುತ್ತಿತ್ತು, ಅಷ್ಟು ನಿಖರವಾಗಿ ಅದು ಅವ್ವನನ್ನು ಕೈಬಿಡುತ್ತಿತ್ತು.

ಅವಳು ಡಬ್ಬಿಯ ಮುಚ್ಚಳ ಟಪ್ಪೆಂದು ತೆಗೆದಳು. ಮುಂದಿನ ಸಾಲಿನ ಹೆಂಗಸೊಬ್ಬಳು, ಹಾಡಿನ ನಡುವೆ ಊಟಕ್ಕೆ ಕೂತಳಲ್ಲ ಇವಳು ಎಂದು ಪಕ್ಕದವಳಿಗೆ ತೋರಿಸಿದಳು. ಕೆಂಪು ಟೊಪ್ಪಿಗೆಯ ಎರಡೂ ಕಡೆಯ ತಂತಿಗಳ ಮೇಲೆ ಮೌನೇಶ್ವರಿ ಹೆಬ್ಬೆರಳು, ತೋರುಬೆರಳು ಇಟ್ಟಳು. ಮಾನ್ವಿಯ ಏಪ್ರಿಲ್ಲು, ಎದೆ ಡವಡವ, ಬೆರಳಿಗೆ ಬೆವರಿನ ಬರವಿರಲಿಲ್ಲ. ಕರೆಂಟು ಮತ್ತೆ ಆ ಕಳ್ಳದಾರಿ ಹಿಡಿಯಿತು. ಶ್ರುತಿ ಒಮ್ಮೆ ನಡುಗಿ ಏರಿತು. ಸ್ವಲ್ಪ ಹೆಚ್ಚೇ ಏರಿತು ಎಂದು ಹನುಮಂತ್ರಾಯ ಕಣ್ಣು ಮಾಡಿದ, ಅವಳು ಒತ್ತು ಸಡಿಲಿಸಿದಳು. ಈಗ ಕೂಡಿತು. ಅವ್ವ ಇನ್ನಷ್ಟು ಏರಿದಳು, ಮಗಳು ಇನ್ನಷ್ಟು ಒತ್ತಿದಳು. ಕಲ್ಲಿನ ಕಿವಿಯವಳಿಗೆ ಹನುಮಂತ್ರಾಯನ ಹುಬ್ಬೇ ಮೀಟರಾಯಿತು: ಹುಬ್ಬು ಎತ್ತಿದರೆ ಬಿಗಿ, ಇಳಿಸಿದರೆ ಸಡಿಲು. ನಾಲ್ಕನೆಯ ನುಡಿಗೆ ಬರುವಷ್ಟರಲ್ಲಿ ಹುಬ್ಬನ್ನು ನೋಡುವುದೂ ಬೇಕಾಗಲಿಲ್ಲ. ಅವ್ವನ ಬೆನ್ನು ಉಸಿರು ತುಂಬಿ ಅಗಲವಾಗುವುದನ್ನು ನೋಡಿದರೆ ಸಾಕಿತ್ತು, ಬೆರಳಿಗೆ ತಾನಾಗಿ ಗೊತ್ತಾಗುತ್ತಿತ್ತು. ನಗು, ಅಳು, ಬೆವರು ಮೂರೂ ಒಟ್ಟಿಗೆ ಮುಖದ ಮೇಲೆ ಇಳಿಯುತ್ತಿದ್ದವು. ಒಂದು ಕೈ ತಂತಿಯ ಮೇಲೆ, ಇನ್ನೊಂದು ಡಬ್ಬಿ ಅಲುಗದಂತೆ ಹಿಡಿದಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹಾಡು ಮುಗಿದಾಗ ಮೈದಾನದ ಗದ್ದಲಕ್ಕೆ ಡಬ್ಬಿಯ ದನಿ ಕೇಳಿಸದಾಯಿತು. ಹನುಮಂತ್ರಾಯ ಮೈಕು ಎಳೆದುಕೊಂಡ. ಎಲ್ಲಿ ಏನು ಅಂದುಬಿಡುತ್ತಾನೋ ಎಂದು ಮೌನೇಶ್ವರಿಗೆ ಜೀವ ಹಾರಿತು. ಹೋದ ವರ್ಷ ತಾನು ಇದೇ ಮೈಕಿನಲ್ಲಿ ಅಂದದ್ದು ತಪ್ಪು, ಶ್ರುತಿ ಅಮರಮ್ಮನ ಹಿಂದೆ ಬರಬೇಕೇ ಹೊರತು ಅಮರಮ್ಮ ಅದರ ಹಿಂದೆ ಹೋಗುವುದಲ್ಲ ಎಂದು ಹೇಳಿ ಕೈಮುಗಿದ. ಅಮರಮ್ಮ ಅವನ ಕಡೆ ನೋಡಲಿಲ್ಲ, ಆದರೆ ಎಲೆಯಡಿಕೆಯ ಚೀಲವನ್ನು ಅವನ ಕಡೆ ಸರಿಸಿದಳು.

ಇಳಿದು ಬಂದ ಮೇಲೆ ಅಮರಮ್ಮ ಡಬ್ಬಿಯನ್ನು ಸೆರಗಿನಿಂದ ಒರೆಸಿ ಬಗಲಿಗೆ ಇಟ್ಟುಕೊಂಡಳು. ಕಲ್ಲೂರಿನವರು ಆಗಲೇ ಬಂದು ಮುಂದಿನ ಭಾನುವಾರಕ್ಕೆ ಕರೆದು ಹೋಗಿದ್ದರು.

"ಛಲೋ ಮಾಡೀದಿ ಡಬ್ಬಿ," ಅಂದಳು ಮಗಳಿಗೆ. "ನಾ ಎಲ್ಲಿಗಿ ಹೋದ್ರ ಅಲ್ಲಿಗಿ ಬರ್ತದ. ಕಲ್ಲೂರಿಗಿ ನಾ ಒಬ್ಬಾಕಿನ ತಗೊಂಡು ಹೋಗ್ತೀನಿ, ನೀ ಸುಮ್ಮ ರಜಾ ಹಾಕಬ್ಯಾಡ."

ಮೌನೇಶ್ವರಿ ತನ್ನ ಹೆಬ್ಬೆರಳು ನೋಡಿಕೊಂಡಳು. ತಂತಿ ಒತ್ತಿ ಒತ್ತಿ ಒಂದು ಗೆರೆ ಬಿದ್ದಿತ್ತು. ಅವ್ವನಿಗೆ ಕಾಣದಂತೆ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಡಬ್ಬಿ ಒಂದ ಬರಂಗಿಲ್ಲಬೇ," ಅಂದಳು. "ನಾನೂ ಬರ್ತೀನಿ."